ಕೃಷಿ ಹೊಂಡಕ್ಕೆ ಉಪ್ಪು ಸುರಿದರೆ ಹಮೂರ್ ಬೆಳೆದೀತೇ?

ಪ್ರಶ್ನೆ: ದುಬೈಲಿರೋ ನಮ್ ಭಾವ ಹಮೂರ್ ಮೀನಿನ ರೇಟ್ ಹೇಳಿ ತಲೆ ಕೆಡಿಸವ್ರೆ. ಕೃಷಿ ಹೊಂಡ ಅದೆ, ನಾಲೆ ನೀರು ಅದೆ. ಉಪ್ಪು ಹಾಕಾದ್ರೂ ಬೆಳೀಬೋದಾ ಸಾ? (ಮಂಡ್ಯದ ರೈತರೊಬ್ಬರು)

ಬೇಡ. ಹಮೂರ್ ಸಮುದ್ರದ ಮೀನು. ಮೊದಲು ಉಪ್ಪಿನ ಲೆಕ್ಕವನ್ನೇ ನೋಡಿ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಎರಡು ಮೀಟರ್ ಆಳದ ಹೊಂಡಕ್ಕೆ 2 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಅಂದರೆ 7 ಟನ್! ಅಳಿವೆಯ ಅರೆ ಉಪ್ಪು ನೀರೂ ಈ ಮೀನಿಗೆ ಒಗ್ಗುತ್ತದೆ, ನಿಜ. ಆಗಲೂ ಮೂರೂವರೆ ಟನ್ ಬೇಕು. ಅದು ಬಸಿದು ಪಕ್ಕದ ಗದ್ದೆಗೆ ಇಳಿದರೆ ಏನಾಗುತ್ತದೆಂದು ಚೌಳು ಕಂಡ ಮಂಡ್ಯದವರಿಗೆ ನಾನು ಹೇಳಬೇಕಿಲ್ಲ.

ಉಪ್ಪೇ ಯಾಕೆ ಬೇಕು? ಈ ಮೀನಿನ ಮೈಯೊಳಗಿನ ರಸ ಸಮುದ್ರಕ್ಕಿಂತ ಸಪ್ಪೆ. ಹಾಗಾಗಿ ಮೈಯ ನೀರು ಸದಾ ಹೊರಕ್ಕೆ ಸೋರುತ್ತದೆ. ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತದೆ. ಸಿಹಿನೀರಿನಲ್ಲಿ ಎಲ್ಲ ತಿರುವುಮುರುವು: ನೀರು ಒಳನುಗ್ಗುತ್ತದೆ, ಉಪ್ಪು ಸೋರಿಹೋಗುತ್ತದೆ. ಕಾಟ್ಲಾ, ರೋಹುವಿನ ಮೈ ಅದಕ್ಕೆ ಹೊಂದಿಕೊಂಡಿದೆ, ಇದರದ್ದಲ್ಲ.

ಹಮೂರ್ ಅನ್ನುವುದು ಗಲ್ಫ್ ಕಡೆಯ ಹೆಸರು, ಮಂಗಳೂರಿನ ಕಡೆ ಇಂಥ ಮೀನುಗಳಿಗೆ ಮುರು ಅನ್ನುತ್ತಾರೆ. ಕಿತ್ತಳೆ ಚುಕ್ಕಿಯ ಈ ಜಾತಿಯ ಮರಿಗಳು ಅಳಿವೆಯ ಕೆಸರು, ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಬೆಳೆದು, ದೊಡ್ಡವಾದ ಮೇಲೆ ಬಂಡೆ, ಹವಳದ ದಿಬ್ಬಗಳ ಕಡೆಗೆ ಹೋಗುತ್ತವೆ. ಬೆನ್ನಟ್ಟಿ ಬೇಟೆಯಾಡುವ ಜಾಯಮಾನ ಇವುಗಳದ್ದಲ್ಲ. ಸಂದಿಯಲ್ಲಿ ಕೂತು, ಸಿಗಡಿಯೋ ಸಣ್ಣ ಮೀನೋ ಹತ್ತಿರ ಬಂದಾಗ ಗಬಕ್ಕನೆ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತವೆ. ಮೈಸೂರಿನ ಅಂಗಡಿಯೊಂದರಲ್ಲಿ ಐಸ್ ಮೇಲಿದ್ದ ಒಂದರ ಬಾಯಿಗೆ ಹೆಬ್ಬೆರಳು ಹಾಕಿ ನೋಡಿದೆ. ಸಣ್ಣ ಹಲ್ಲುಗಳು ಒಳಮುಖವಾಗಿ ಬಾಗಿದ್ದವು; ಬೆರಳು ಒಳಗೆ ಸಲೀಸಾಗಿ ಹೋಯಿತು, ಎಳೆಯುವಾಗ ತರಚಿತು. ಅಂಗಡಿಯವರು ನಕ್ಕರು. ಇಂಥ ಬಾಯಿ ಇರುವ ಮರಿಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ದೊಡ್ಡದು ಚಿಕ್ಕದನ್ನು ನುಂಗಿಬಿಡುತ್ತದೆ. ಸಾಕುವವರು ಆಗಾಗ ಗಾತ್ರ ನೋಡಿ ಬೇರೆ ಮಾಡುತ್ತಲೇ ಇರಬೇಕು. ತೌಡು, ಹಿಂಡಿಯಲ್ಲಿ ಬೆಳೆಯುವ ಜೀವವಲ್ಲ ಇದು.

ಮರಿ ಮಾಡಿಸೋಣವೆಂದರೆ ಇನ್ನೊಂದು ತೊಡಕು. ಇವು ಮೊದಲು ಹೆಣ್ಣಾಗಿ ಬಲಿಯುತ್ತವೆ, ಎರಡು ಮೂರು ವರ್ಷಕ್ಕೆ, 25-30 ಸೆಂಟಿಮೀಟರ್ ಉದ್ದವಾದಾಗ. ಗಂಡಾಗಿ ಬದಲಾಗುವುದು 55-75 ಸೆಂಟಿಮೀಟರ್ ಆದ ಮೇಲೆ. ನಾನು ಬೆರಳು ಹಾಕಿದ್ದು ಮೊಳದುದ್ದದ್ದು, ಹಾಗಾಗಿ ಹೆಣ್ಣೇ ಇರಬೇಕು. ದೊಡ್ಡವನ್ನೇ ಆರಿಸಿ ಹಿಡಿಯುತ್ತ ಹೋದರೆ ಸಮುದ್ರದಲ್ಲಿ ಗಂಡುಗಳಿಗೇ ಬರ.

ನಿಮ್ಮ ಹೊಂಡಕ್ಕೆ ಕಾಟ್ಲಾ, ರೋಹು ಬಿಡಿ. ಭಾವ ಬಂದಾಗ ಮುರು ಸಿಕ್ಕಿದರೆ ಒಂದು ಇಡಿಯಾಗಿ ತನ್ನಿ. ತಲೆಯನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಸಾರಿಗೆ ಅದೇ ರುಚಿ.