50,000 ವೋಲ್ಟ್, 500 ರೂಪಾಯಿ ದಂಡ

ಅಮೆರಿಕದ ಪೊಲೀಸರು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುತ್ತಾರೆ. ಮಾತಿಗೆ ಮಾತು ಬೆಳೆಯುತ್ತದೆ. ಸೊಂಟದಿಂದ ಪಿಸ್ತೂಲಿನಂಥದ್ದೊಂದು, ಶಾಕ್ ಹೊಡೆಯುವ ಟೇಸರ್, ಹೊರಬರುತ್ತದೆ, ಚಟಚಟ ಸದ್ದಾಗುತ್ತದೆ, ಚಾಲಕ ಸೆಟೆದು ಬೀಳುತ್ತಾನೆ. ಇಂಥ ವಿಡಿಯೊಗಳು ಈಗ ಎಲ್ಲರ ಮೊಬೈಲಿಗೂ ಬರುತ್ತವೆ. ಕಲಬುರಗಿಯ ಚಹಾ ಅಂಗಡಿಯಲ್ಲಿ ಇದನ್ನು ನೋಡಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ನಮ್ಮ ಮನ್ಯಾಗ 230 ವೋಲ್ಟ್ ಹಿಡದ್ರ ಮನಷ್ಯಾ ಉಳಿಯಂಗಿಲ್ಲ. ಅಲ್ಲಿ 50,000 ವೋಲ್ಟ್ ಹೊಡದ್ರೂ ಎದ್ದು ಕುಂದರ್ತಾನಲ್ರೀ, ಅದು ಹ್ಯಾಂಗ?”

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ, ತೊಗರಿ ಹೊಲಕ್ಕೆ ಹೋದರೆ ಸಾಕು. ಜಿಂಕೆ, ಕಾಡುಹಂದಿ ಕಾಟ ಇರುವ ಕಡೆ ಬೇಲಿ ತಂತಿಗೆ ಝಟ್ಕಾ ಮಷೀನ್ ಕೂರಿಸಿರುತ್ತಾರೆ. ಒಂದು ಡಬ್ಬಿ, 12 ವೋಲ್ಟಿನ ಬ್ಯಾಟರಿ, ಮೇಲೊಂದು ಸೋಲಾರ್ ಪ್ಲೇಟು. ಸೆಕೆಂಡಿಗೊಮ್ಮೆ ಟಿಕ್ ಅನ್ನುತ್ತದೆ. ಪ್ರತಿ ಟಿಕ್‌ಗೂ ತಂತಿಯಲ್ಲಿ ಸಾವಿರಾರು ವೋಲ್ಟ್ ಓಡುತ್ತದೆ. ಕೈ ತಾಗಿದರೆ ಭುಜದವರೆಗೆ ಜಾಡಿಸುತ್ತದೆ, ಬಾಯಿಂದ ಬೈಗುಳ ತಾನಾಗಿಯೇ ಬರುತ್ತದೆ, ಆದರೆ ಮನುಷ್ಯ ಸಾಯುವುದಿಲ್ಲ. ಅದೇ ಬೇಲಿಗೆ ಯಾರಾದರೂ ಕಂಬದಿಂದ ನೇರವಾಗಿ ವೈರ್ ಎಳೆದರೆ ಹಂದಿಯೂ ಸಾಯುತ್ತದೆ, ಬೆಳಿಗ್ಗೆ ನೀರು ಕಟ್ಟಲು ಹೋದ ರೈತನೂ ಸಾಯುತ್ತಾನೆ. ವೋಲ್ಟ್ ಲೆಕ್ಕದಲ್ಲಿ ನೋಡಿದರೆ ಕಂಬದ ಕರೆಂಟು ತೀರಾ ಚಿಕ್ಕದು. ಕೊಲ್ಲುವುದು ಮಾತ್ರ ಅದೇ.

ಕಾರಣ ಇಷ್ಟು. ವೋಲ್ಟ್ ಅಂದರೆ ಕರೆಂಟನ್ನು ತಳ್ಳುವ ಒತ್ತಡ. ಮೈಗೆ ಏನಾಗುತ್ತದೆ ಅನ್ನುವುದು ಎಷ್ಟು ಕರೆಂಟು ಹರಿಯಿತು, ಎಷ್ಟು ಹೊತ್ತು ಹರಿಯಿತು, ಯಾವ ದಾರಿಯಲ್ಲಿ ಹರಿಯಿತು ಅನ್ನುವುದರ ಮೇಲೆ ನಿಂತಿದೆ. ಒದ್ದೆ ಕೈಯ ಮನುಷ್ಯನ ದೇಹ ಸುಮಾರು 1,000 ಓಮ್ ತಡೆ ಒಡ್ಡುತ್ತದೆ ಅಂದುಕೊಳ್ಳಿ. 230 ವೋಲ್ಟಿಗೆ 230 ಮಿಲಿಆಂಪಿಯರ್ ಕರೆಂಟು ಹರಿಯುತ್ತದೆ. 10ರಿಂದ 16 ಮಿಲಿಆಂಪಿಯರ್ ಆಸುಪಾಸಿನಲ್ಲೇ ಕೈ ಬಿಗಿದು, ಹಿಡಿದ ತಂತಿ ಬಿಡಲಾಗುವುದಿಲ್ಲ. 100 ದಾಟಿ ಒಂದೆರಡು ಸೆಕೆಂಡ್ ಹರಿದರೆ ಹೃದಯ ತಾಳ ತಪ್ಪಿ ಅದುರತೊಡಗಬಹುದು. ಮನೆಯ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್ಚು) 30 ಮಿಲಿಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವುದು ಇದಕ್ಕೇ. ಕಂಬದ ಕರೆಂಟು ನಿಲ್ಲದೆ ಹರಿಯುತ್ತದೆ, ಝಟ್ಕಾ ಮಷೀನ್ ಒಂದು ಸೆಕೆಂಡಿನ ಸಣ್ಣ ಚೂರಿನಷ್ಟು ಹೊತ್ತು ಹೊಡೆದು ಸುಮ್ಮನಾಗುತ್ತದೆ. ಇಂಥ ಬೇಲಿ ಯಂತ್ರದ ಒಂದು ಹೊಡೆತ 5 ಜೌಲ್ (ಶಕ್ತಿಯ ಅಳತೆ) ಮೀರಬಾರದು ಅಂತ ಅಂತರರಾಷ್ಟ್ರೀಯ ಮಾನದಂಡವೇ ಇದೆ.

ಪೊಲೀಸರ ಟೇಸರ್ ಇದೇ ಜಾತಿಯದು. ಹೆಚ್ಚು ಅಧ್ಯಯನವಾಗಿರುವ ಎಕ್ಸ್26 ಅನ್ನುವ ಮಾದರಿಯನ್ನೇ ತೆಗೆದುಕೊಳ್ಳೋಣ. 2003ರಲ್ಲಿ ಬಂದದ್ದು. ಮುಂದೆ ಒಂದು ಕಾರ್ಟ್ರಿಜ್, ಅದರಲ್ಲಿ ಒತ್ತಿಟ್ಟ ನೈಟ್ರೋಜನ್ ಗಾಳಿ. ಟ್ರಿಗರ್ ಒತ್ತಿದರೆ ಎರಡು ಸಣ್ಣ ಬಾಣಗಳು ಹಾರುತ್ತವೆ. ತುದಿಯಲ್ಲಿ ಮೀನಿನ ಗಾಳದಂಥ ಕೊಕ್ಕೆ ಇರುವ ಸೂಜಿ, ಬೆನ್ನಿಗೆ ಕೂದಲಿನಷ್ಟು ತೆಳ್ಳಗಿನ ತಂತಿ. ತಂತಿಯ ಇನ್ನೊಂದು ತುದಿ ಪೊಲೀಸರ ಕೈಯಲ್ಲೇ ಉಳಿಯುತ್ತದೆ. ಎರಡೂ ಬಾಣ ಮೈಗೆ ಅಥವಾ ಬಟ್ಟೆಗೆ ಚುಚ್ಚಿಕೊಂಡ ಮೇಲೆ ಸೆಕೆಂಡಿಗೆ ಸುಮಾರು 19 ಹೊಡೆತ, ಒಟ್ಟು 5 ಸೆಕೆಂಡ್. ಕಾರ್ಟ್ರಿಜ್ ಸಿಡಿದಾಗ ನಂಬರ್ ಬರೆದ ಪುಟಾಣಿ ಚುಕ್ಕಿಗಳೂ ನೆಲದ ಮೇಲೆ ಚೆಲ್ಲುತ್ತವೆ. ಯಾವ ಕಾರ್ಟ್ರಿಜ್ ಹೊಡೆದದ್ದು ಅಂತ ಆಮೇಲೆ ಆರಿಸಿ ನೋಡಬಹುದು. (ಇದನ್ನು ಯೋಚಿಸಿದವರಿಗೆ ಪೊಲೀಸರ ಮೇಲೂ ಒಂದು ಕಣ್ಣಿಡಬೇಕು ಅನ್ನಿಸಿರಬೇಕು.)

ಆ 50,000 ವೋಲ್ಟ್ ಬೇಕಾಗುವುದು ಮೈಗಲ್ಲ, ಗಾಳಿಗೆ. ಒಂದು ಸೆಂಟಿಮೀಟರ್ ಒಣ ಗಾಳಿಯನ್ನು ಸೀಳಿ ಕಿಡಿ ಹಾರಲು ಸುಮಾರು 30,000 ವೋಲ್ಟ್ ಬೇಕು. ಬಾಣ ಜಾಕೆಟ್ಟಿಗೋ ಸಡಿಲ ಜುಬ್ಬಾಕ್ಕೋ ಸಿಕ್ಕಿಕೊಂಡು ಚರ್ಮ ಮುಟ್ಟದೆ ಇದ್ದರೆ ನಡುವಿನ ಸಂದು ದಾಟಲು ಈ ಒತ್ತಡ ಬೇಕು. ದಾಟಿದ ಮೇಲೆ ಮೈಯಲ್ಲಿ ಉಳಿಯುವುದು ಸುಮಾರು 1,200 ವೋಲ್ಟ್. ಅದೂ ಪ್ರತಿ ಹೊಡೆತಕ್ಕೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಇಡೀ ಸೆಕೆಂಡಿಗೆ ಸರಾಸರಿ ಹಾಕಿದರೆ ಸುಮಾರು 2 ಮಿಲಿಆಂಪಿಯರ್.

ಹಾಗಾದರೆ ಇಷ್ಟು ಸಣ್ಣ ಕರೆಂಟಿಗೆ ದೊಡ್ಡ ಆಳು ಬೀಳುವುದು ಯಾಕೆ? ಇಟಲಿಯ ಬೊಲೊನ್ಯಾದಲ್ಲಿ ಲುಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಜಾಡಿಸುವುದನ್ನು ಕಂಡು 1791ರಲ್ಲಿ ಬರೆದ. ಮೆದುಳು ಸ್ನಾಯುವಿಗೆ ಅಪ್ಪಣೆ ಕಳಿಸುವುದೂ ನರದ ಮೂಲಕ ವಿದ್ಯುತ್ ರೂಪದಲ್ಲೇ. ಟೇಸರ್ ಆ ನರಕ್ಕೆ ನಡುದಾರಿಯಲ್ಲಿ ತಾನೇ ಅಪ್ಪಣೆ ಕೊಡುತ್ತದೆ, ಸೆಕೆಂಡಿಗೆ 19 ಸಲ. ಒಂದು ಸೆಳೆತ ಸಡಿಲವಾಗುವ ಮೊದಲೇ ಇನ್ನೊಂದು ಬರುವುದರಿಂದ ಸ್ನಾಯು ಬಿಗಿದೇ ಇರುತ್ತದೆ. ನೋವು ತಡೆಯುವ ಗಟ್ಟಿಗನಾದರೂ ಬೀಳುತ್ತಾನೆ, ಯಾಕಂದರೆ ಕೈಕಾಲು ಅವನ ಮಾತು ಕೇಳುತ್ತಿಲ್ಲ.

ಮತ್ತೆ ಹೃದಯವೂ ಸ್ನಾಯುವೇ ಅಲ್ವಾ, ಅದು ಯಾಕೆ ಬಿಗಿಯುವುದಿಲ್ಲ? ಇಲ್ಲೇ ನಿಜವಾದ ಜಾಣ್ಮೆ ಇರುವುದು. ಕೈಕಾಲಿನ ನರ ತೀರಾ ಚಿಕ್ಕ ಹೊಡೆತಕ್ಕೂ ಎಚ್ಚೆತ್ತುಕೊಳ್ಳುತ್ತದೆ. ಹೃದಯದ ಸ್ನಾಯು ನಿಧಾನಿ. ಅದನ್ನು ಕೆದಕಲು ಹತ್ತು ಪಟ್ಟಿಗೂ ಜಾಸ್ತಿ ಹೊತ್ತಿನ ಹೊಡೆತ ಬೇಕು. ಹೊಡೆತವನ್ನು ಸಾಕಷ್ಟು ಗಿಡ್ಡ ಮಾಡಿದರೆ ನರ ಮಾತ್ರ ಕುಣಿಯುತ್ತದೆ, ಹೃದಯ ತನ್ನ ಪಾಡಿಗೆ ತಾನಿರುತ್ತದೆ. ಒಳ್ಳೆಯ ವಿಜ್ಞಾನ. ಆದರೆ ಇದು ಅಂತರದ ಲೆಕ್ಕವೂ ಹೌದು. ಬಾಣ ಎದೆಗೆ, ಹೃದಯಕ್ಕೆ ತೀರಾ ಹತ್ತಿರ, ತೆಳ್ಳಗಿನ ಮೈಯವನಿಗೆ ಬಿದ್ದರೆ ಲೆಕ್ಕ ಕೆಡಬಹುದು. ತಯಾರಿಸುವ ಕಂಪನಿಯೇ 2009ರಲ್ಲಿ ಎದೆಗೆ ಗುರಿ ಇಡುವುದನ್ನು ಆದಷ್ಟು ತಪ್ಪಿಸಿ ಅಂತ ತರಬೇತಿ ಸೂಚನೆ ಬದಲಿಸಿತು. 2011ರಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ ಒಂದು ತಜ್ಞರ ವರದಿ ಹೊರಡಿಸಿತು. ಆರೋಗ್ಯವಂತ ವಯಸ್ಕರಿಗೆ ಟೇಸರಿನಿಂದ ಸಾವಿನ ಅಪಾಯ ದೊಡ್ಡದು ಅನ್ನಲು ಖಚಿತ ವೈದ್ಯಕೀಯ ಪುರಾವೆ ಇಲ್ಲ, ಆದರೆ ಮತ್ತೆ ಮತ್ತೆ, ದೀರ್ಘವಾಗಿ ಶಾಕ್ ಕೊಡುವುದರ ಬಗ್ಗೆ ಎಚ್ಚರ ಬೇಕು ಅನ್ನುವುದು ಅದರ ಸಾರ. 2012ರ ಹೊತ್ತಿಗೆ ಮಾನವ ಹಕ್ಕುಗಳ ಸಂಸ್ಥೆ ಅಮ್ನೆಸ್ಟಿ ಇಂಟರ್‌ನ್ಯಾಷನಲ್, 2001ರಿಂದೀಚೆಗೆ ಅಮೆರಿಕದಲ್ಲಿ ಪೊಲೀಸರು ಟೇಸರ್ ಬಳಸಿದ ಬಳಿಕ ಸತ್ತವರು ಕನಿಷ್ಠ 500 ಮಂದಿ ಎಂದಿತು. ‘ಬಳಸಿದ ಬಳಿಕ’ ಅನ್ನುವುದನ್ನು ಗಮನಿಸಿ. ಎಷ್ಟೋ ಸಾವುಗಳಲ್ಲಿ ಡ್ರಗ್ಸ್, ಹೃದ್ರೋಗ, ಕೆಳಗೆ ಬಿದ್ದ ಪೆಟ್ಟು ಎಲ್ಲ ಕಲಸಿಕೊಂಡಿರುತ್ತವೆ.

ಇಲ್ಲೊಂದು ಅನುಮಾನ ತೀರಿಸಿಬಿಡುತ್ತೇನೆ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಅಂಗಿ ಬೆವರಿನಿಂದ ತೊಯ್ದಿದ್ದರೆ ಟೇಸರ್ ಜಾಸ್ತಿ ಹೊಡೆಯುತ್ತದೆಯೇ? ಇಲ್ಲ. ತೇವದ ಲೆಕ್ಕ ಬರುವುದು ಕರೆಂಟು ನೆಲಕ್ಕೆ ಇಳಿಯುವ ಕಡೆ. ಝಟ್ಕಾ ಮಷೀನಿಗೆ ನೆಲ ಬೇಕು. ಕರೆಂಟು ತಂತಿಯಿಂದ ಪ್ರಾಣಿಯ ಮೈಗೆ, ಅಲ್ಲಿಂದ ಮಣ್ಣಿಗೆ, ಮಣ್ಣಿನಿಂದ ಅರ್ಥಿಂಗ್ ರಾಡಿಗೆ ಬಂದರೆ ಸುತ್ತು ಮುಗಿಯುತ್ತದೆ. ಬೇಸಿಗೆಯಲ್ಲಿ ಕರಿ ಭೂಮಿ ಬಿರುಕು ಬಿಟ್ಟಾಗ ರಾಡಿನ ಬುಡಕ್ಕೆ ಕೊಡದಲ್ಲಿ ನೀರು ಹುಯ್ಯುವುದು ಅದಕ್ಕೇ, ಇಲ್ಲದಿದ್ದರೆ ಬೇಲಿ ಹೊಡೆಯುವುದಿಲ್ಲ. ಟೇಸರಿಗೆ ನೆಲದ ಹಂಗಿಲ್ಲ. ಒಂದು ಬಾಣದಿಂದ ಹೊರಟ ಕರೆಂಟು ಇನ್ನೊಂದು ಬಾಣದಲ್ಲಿ ವಾಪಸ್ ಬರುತ್ತದೆ. ಹಾಗಾಗಿ ಬೈಕಿನಲ್ಲಿ ಹಿಂದೆ ಕೂತು ಸೊಂಟ ಹಿಡಿದವನಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಅವನ ಕೈ ಎರಡೂ ಬಾಣಗಳ ನಡುವೆ ಇದ್ದರೆ ಮಾತ್ರ ಆದೀತು.

ಎರಡು ಬಾಣ ಅನ್ನುವುದೇ ರಸ್ತೆ ಬದಿಯ ತಪಾಸಣೆಯಲ್ಲಿ ದೊಡ್ಡ ತೊಡಕು. ಮೇಲಿನ ಬಾಣ ನೇರ ಹೋಗುತ್ತದೆ, ಕೆಳಗಿನದು 8 ಡಿಗ್ರಿ ಕೆಳಗೆ ಬಾಗಿ ಹೋಗುತ್ತದೆ. ದೂರ ಹೆಚ್ಚಿದಷ್ಟೂ ಎರಡರ ನಡುವೆ ಅಂತರ ಹೆಚ್ಚುತ್ತದೆ. ಎರಡು ಮೀಟರ್ ದೂರದಿಂದ ಹೊಡೆದರೆ ಸುಮಾರು 28 ಸೆಂಟಿಮೀಟರ್. ದೊಡ್ಡ ಸ್ನಾಯುಗಳು ಆ ನಡುವೆ ಸಿಕ್ಕಿ ಆಳು ಬೀಳಬೇಕೆಂದರೆ ಹೆಚ್ಚುಕಡಿಮೆ ಇಷ್ಟು ಬೇಕು. ಆದರೆ ಕಾರಿನ ಕಿಟಕಿಗೆ ಬಗ್ಗಿ ಲೈಸೆನ್ಸ್ ಕೇಳುವ ಪೊಲೀಸ್ ಎಷ್ಟು ದೂರ ನಿಂತಿರುತ್ತಾನೆ? 60 ಸೆಂಟಿಮೀಟರ್ ಅಂದುಕೊಂಡರೂ ಬಾಣಗಳ ನಡುವೆ ಉಳಿಯುವುದು 8 ಸೆಂಟಿಮೀಟರ್. ಅಷ್ಟರಲ್ಲಿ ಸಿಗುವುದು ಒಂದು ಹಿಡಿ ಮಾಂಸ. ಮನುಷ್ಯ ಸ್ತಬ್ಧನಾಗುವುದಿಲ್ಲ, ನೋವಿಗೆ ಒದ್ದಾಡುತ್ತಾನೆ. ಬಾಣವೇ ಇಲ್ಲದೆ ನೇರ ಮೈಗೆ ಒತ್ತಿ ಹಿಡಿದರೂ ಇದೇ ಕಥೆ. ಒದ್ದಾಟ ಪೊಲೀಸರ ಕಣ್ಣಿಗೆ ಪ್ರತಿರೋಧದಂತೆ ಕಾಣುತ್ತದೆ, ಇನ್ನೊಂದು ಸಲ ಟ್ರಿಗರ್ ಒತ್ತುತ್ತಾರೆ.

2004ರಲ್ಲಿ ಸಿಯಾಟಲ್‌ನಲ್ಲಿ ಹೀಗೇ ಆಯಿತು. ಮಗನನ್ನು ಶಾಲೆಗೆ ಬಿಡಲು ಹೊರಟ ಏಳು ತಿಂಗಳ ಗರ್ಭಿಣಿ. ಗಂಟೆಗೆ 20 ಮೈಲಿ ಮಿತಿಯ ಜಾಗದಲ್ಲಿ 32ರಲ್ಲಿ ಓಡಿಸಿದಳು ಅನ್ನುವುದು ಆರೋಪ. ದಂಡದ ಚೀಟಿಗೆ ಸಹಿ ಹಾಕಲು ಒಪ್ಪಲಿಲ್ಲ, ಕಾರಿನಿಂದ ಇಳಿಯಲಿಲ್ಲ. ತೊಡೆ, ತೋಳು, ಕುತ್ತಿಗೆಗೆ ಒಟ್ಟು ಮೂರು ಸಲ ಒತ್ತಿ ಶಾಕ್ ಕೊಟ್ಟರು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಇದು ಮಿತಿ ಮೀರಿದ ಬಲಪ್ರಯೋಗವೇ ಅಂದಿತು, ಆದರೆ ಆಗ ಕಾನೂನು ಸ್ಪಷ್ಟವಿರಲಿಲ್ಲ ಅಂತ ಪೊಲೀಸರನ್ನು ಹೊಣೆಯಿಂದ ಬಿಟ್ಟಿತು. ಕ್ಯಾಲಿಫೋರ್ನಿಯಾದ ಕೊರೊನಾಡೊದಲ್ಲಿ 2005ರ ಪ್ರಕರಣ ಇನ್ನೂ ಚಿಕ್ಕದು: ಸೀಟ್ ಬೆಲ್ಟ್. ಚಡ್ಡಿಯಲ್ಲಿದ್ದ ಯುವಕ ಕಾರಿನಿಂದಿಳಿದು ತನ್ನ ಮೇಲೆ ತಾನೇ ಸಿಟ್ಟಾಗಿ ಗೊಣಗುತ್ತಿದ್ದ. ದೂರದಿಂದ ಹೊಡೆದ ಟೇಸರ್ ಸರಿಯಾಗಿಯೇ ಕೆಲಸ ಮಾಡಿತು. ಅವನು ಮುಖ ಅಡಿಯಾಗಿ ಡಾಂಬರಿಗೆ ಬಿದ್ದ, ಮುಂದಿನ ನಾಲ್ಕು ಹಲ್ಲು ಮುರಿದವು. ಬೀಳುವವನು ಸಾಮಾನ್ಯವಾಗಿ ಕೈ ಊರುತ್ತಾನೆ. ಟೇಸರ್ ತಗುಲಿದವನಿಗೆ ಆ ಕೈಯೇ ಇಲ್ಲ.

ಇದನ್ನು ನಮ್ಮ ಕಲಬುರಗಿಯ ಹುಮನಾಬಾದ್ ರಸ್ತೆಗೆ ತಂದು ನೋಡಿ. ಇಲ್ಲಿ ತಪಾಸಣೆಗೆ ನಿಲ್ಲುವುದು ಹೆಚ್ಚಾಗಿ ಬೈಕು. ನಿಲ್ಲಿಸುವ ಕಾರಣ ಹೆಚ್ಚಾಗಿ ಹೆಲ್ಮೆಟ್, ಕರ್ನಾಟಕದಲ್ಲಿ ಅದಕ್ಕೆ 500 ರೂಪಾಯಿ ದಂಡ. ಅಂದರೆ ಯಾರ ತಲೆಗೆ ರಕ್ಷಣೆ ಇಲ್ಲವೋ ಅವನನ್ನೇ ಹುಡುಕಿ ನಿಲ್ಲಿಸಿರುತ್ತೇವೆ. ಎಂಜಿನ್ ಚಾಲೂ ಇರುತ್ತದೆ, ಬಲಗೈಯಲ್ಲಿ ಎಕ್ಸಲೇಟರ್, ತೊಡೆಗಳ ನಡುವೆ ಪೆಟ್ರೋಲ್ ಟ್ಯಾಂಕು, ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಮಗು. ಟೇಸರಿನ ಕಿಡಿಗೆ ಪೆಟ್ರೋಲ್ ಆವಿ ಹೊತ್ತಿಕೊಳ್ಳಬಹುದು ಅನ್ನುವ ಎಚ್ಚರಿಕೆ ಕಂಪನಿಯ ಕೈಪಿಡಿಯಲ್ಲೇ ಇದೆ. ಓಡುವ ವಾಹನ ಕೈಯಲ್ಲಿರುವವರ ಮೇಲೆ, ಗರ್ಭಿಣಿಯರು, ಮಕ್ಕಳು, ಮುದುಕರ ಮೇಲೆ ಬಳಸಬೇಡಿ, ಒಟ್ಟು ಶಾಕ್ 15 ಸೆಕೆಂಡ್ ಮೀರಿದರೆ ಅಪಾಯ ಜಾಸ್ತಿ ಅಂತ ಅಮೆರಿಕದ ಪೊಲೀಸ್ ಸಂಶೋಧನಾ ವೇದಿಕೆ 2011ರ ಮಾರ್ಗಸೂಚಿಯಲ್ಲಿ ಹೇಳಿತು. ಆ ಪಟ್ಟಿಯನ್ನು ಹಿಡಿದುಕೊಂಡು ಸಂಜೆ ಆರರ ಹೊತ್ತಿಗೆ ಜಗತ್ ಸರ್ಕಲ್‌ನಲ್ಲಿ ನಿಂತರೆ ಉಳಿಯುವವರು ತುಂಬಾ ಕಡಿಮೆ.

ಟೇಸರ್ ಪರ ಒಂದು ಗಟ್ಟಿ ವಾದ ಇದೆ: ಗುಂಡು ಹಾರಿಸುವ ಬದಲು ಇದು ಎಷ್ಟೋ ವಾಸಿ. ಮಚ್ಚು ಹಿಡಿದು ಬರುವವನ ಮುಂದೆ ನಿಂತ ಪೊಲೀಸರಿಗೆ ನಾನೂ ಇದನ್ನೇ ಕೊಡಿ ಅನ್ನುತ್ತೇನೆ. ಆದರೆ ಷಿಕಾಗೋ ಪೊಲೀಸರಿಗೆ 2010ರಲ್ಲಿ ಟೇಸರ್ ವ್ಯಾಪಕವಾಗಿ ಹಂಚಿದ ಮೇಲೆ ನಡೆದ ಅಧ್ಯಯನದಲ್ಲಿ ಪೊಲೀಸರಿಗೆ ಆಗುವ ಗಾಯ ಕಡಿಮೆಯಾದದ್ದು ಕಂಡಿತು, ಬಂದೂಕಿನ ಬಳಕೆ ಇಳಿದದ್ದು ಕಾಣಲಿಲ್ಲ. ಲಂಡನ್ ನಗರ ಪೊಲೀಸರ ಜೊತೆ ಕೇಂಬ್ರಿಜ್ ಸಂಶೋಧಕರು ಮಾಡಿದ ಪ್ರಯೋಗ ಇನ್ನೂ ವಿಚಿತ್ರ. ಟೇಸರ್ ಎದ್ದು ಕಾಣುವಂತೆ ಧರಿಸಿದ್ದ ಪಾಳಿಗಳಲ್ಲಿ ಬಲಪ್ರಯೋಗ 48% ಹೆಚ್ಚಿತ್ತು, ಪೊಲೀಸರ ಮೇಲಿನ ಹಲ್ಲೆಯೂ ಹೆಚ್ಚಿತ್ತು, ಟೇಸರನ್ನು ಹಾರಿಸಿದ್ದು ಮಾತ್ರ ತೀರಾ ಅಪರೂಪ. ಆಯುಧ ಸೊಂಟದಲ್ಲಿ ಕಂಡರೆ ಸಾಕು, ಎರಡೂ ಕಡೆಯವರ ಮೈ ಬಿಸಿಯಾಗುತ್ತದೆ ಅನ್ನುವುದು ಅವರ ಊಹೆ. 2021ರಲ್ಲಿ ಮಿನೆಸೋಟದ ಬ್ರೂಕ್ಲಿನ್ ಸೆಂಟರಿನಲ್ಲಿ ಒಂದು ಟ್ರಾಫಿಕ್ ತಪಾಸಣೆ ವೇಳೆ ಅಧಿಕಾರಿಯೊಬ್ಬರು “ಟೇಸರ್, ಟೇಸರ್” ಅಂತ ಕೂಗುತ್ತಾ ಹೊಡೆದದ್ದು ಪಿಸ್ತೂಲಿನಿಂದ. 20 ವರ್ಷದ ಹುಡುಗ ಸತ್ತ. ಅಧಿಕಾರಿಗೆ ಶಿಕ್ಷೆಯಾಯಿತು.

ರಸ್ತೆ ತಪಾಸಣೆಗೆ ಇನ್ನೂ ಹತ್ತಿರದ ಒಂದು ಪ್ರಯೋಗ ಇದೆ, ಇದರ ಬಗ್ಗೆ ಚರ್ಚೆ ಕಡಿಮೆ. ಅರಿಜೋನಾದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ 5 ಸೆಕೆಂಡ್ ಟೇಸರ್ ಶಾಕ್ ಕೊಟ್ಟು, ಕೂಡಲೇ ಪದಗಳನ್ನು ನೆನಪಿಟ್ಟು ಹೇಳುವ ಪರೀಕ್ಷೆ ಮಾಡಿದರು. ಫಲಿತಾಂಶ 2016ರಲ್ಲಿ ಬಂತು. ಹಲವರ ಕಲಿಯುವ, ನೆನಪಿಡುವ ಶಕ್ತಿ ಕೆಲಹೊತ್ತು ಚೆನ್ನಾಗಿಯೇ ಕುಸಿದಿತ್ತು, ಸುಮಾರು ಒಂದು ಗಂಟೆಯೊಳಗೆ ಸರಿಹೋಯಿತು. ಪೊಲೀಸರು ಹೆಸರು, ಊರು, ಎಲ್ಲಿಂದ ಬರುತ್ತಿದ್ದೀರಿ ಅಂತೆಲ್ಲ ಕೇಳಿ ಬರೆದುಕೊಂಡು, ಕೆಳಗೆ ಸಹಿ ಹಾಕಿಸಿಕೊಳ್ಳುವುದು ಸರಿಯಾಗಿ ಆ ಗಂಟೆಯಲ್ಲೇ. ಟೇಸರಿನೊಳಗಿನ ಚಿಪ್ ಟ್ರಿಗರ್ ಒತ್ತಿದ ಸಮಯ, ಎಷ್ಟು ಸೆಕೆಂಡ್ ಒತ್ತಿದರು ಅನ್ನುವುದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಎದುರಿದ್ದವನು ಬೈಕಿನ ಮೇಲೆ ಕೂತಿದ್ದನೋ, ಇಳಿದು ನಿಂತಿದ್ದನೋ, ಕಿಸೆಯಿಂದ ಲೈಸೆನ್ಸ್ ತೆಗೆಯುತ್ತಿದ್ದನೋ ಅದರಲ್ಲಿ ಇರುವುದಿಲ್ಲ. ಅದನ್ನು ಅವನೇ ನೆನಪು ಮಾಡಿಕೊಂಡು ಹೇಳಬೇಕು.