ಅಪ್ಪ ಅಮ್ಮ ಬರುವ ಹಿಂದಿನ ದಿನ

"ಅಕ್ಕಾ, ನಾಳೆ ಬೆಳಿಗ್ಗೆ ಅಪ್ಪ ಅಮ್ಮ ಬರ್ತಿದ್ದಾರೆ. ಇವತ್ತೇ ಬರೋಕಾಗುತ್ತಾ?"

ಕಾರವಾರದಲ್ಲಿ ರೂಮ್ ಕ್ಲೀನಿಂಗ್ ಮಾಡುವ ನಮಗೆ ಬರುವ ಫೋನುಗಳು ಹೆಚ್ಚಿನವು ಹೀಗೇ ಶುರುವಾಗುತ್ತವೆ. ಶಿರಸಿಯಿಂದ ಒಬ್ಬ ಹುಡುಗ ಕೇಳಿದ್ದಾನೆ. ಕಾಲೇಜು ಹುಡುಗರ ರೂಮು ಸ್ವಚ್ಛ ಮಾಡುವ ಕೆಲಸ ಶುರು ಮಾಡಬೇಕು, ತಿಂಗಳ ಪ್ಯಾಕೇಜ್ ಎಷ್ಟಿಡಲಿ ಅಂತ. ಪ್ಯಾಕೇಜ್ ಇಡಲೇಬೇಡ ಮಾರಾಯ. ಮೊದಲ ವರ್ಷ ನಾವೂ ಅದನ್ನೇ ಮಾಡಿ ಕೈ ಸುಟ್ಟುಕೊಂಡೆವು. ಚೀಟಿ ಅಚ್ಚು ಹಾಕಿಸಿ ಹಂಚಿದ್ದೇ ಹಂಚಿದ್ದು. ನಾಲ್ಕು ರೂಮು ಸಿಕ್ಕವು. ಎರಡನೇ ತಿಂಗಳು ಅದರಲ್ಲಿ ಇಬ್ಬರು ಫೋನೇ ಎತ್ತಲಿಲ್ಲ.

ರೂಮು ಗಲೀಜಾಗಿದೆ ಅಂತ ಹುಡುಗರು ದುಡ್ಡು ಬಿಚ್ಚುವುದಿಲ್ಲ. ಯಾರೋ ಬಂದು ನೋಡುತ್ತಾರೆ ಅಂದಾಗ ಬಿಚ್ಚುತ್ತಾರೆ. ಮನೆಯವರು ಬರುವಾಗ, ರೂಮು ಖಾಲಿ ಮಾಡಿ ಅಡ್ವಾನ್ಸ್ ವಾಪಸ್ ಕೇಳುವಾಗ, ರಜೆ ಮುಗಿಸಿ ಬಂದು ಬಾಗಿಲು ತೆಗೆದಾಗ. ನಮ್ಮ ವ್ಯಾಪಾರ ನಿಂತಿರುವುದೇ ಈ ಮೂರು ದಿನಗಳ ಮೇಲೆ. ಶಿರಸಿಯವರಿಗೆ ಇನ್ನೊಂದು ದಿನ ಜಾಸ್ತಿ ಸಿಗಬಹುದು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದರೆ ಊರಿನ ನೆಂಟರೆಲ್ಲ ಹುಡುಗರ ರೂಮಿನಲ್ಲೇ ಬಿಡಾರ ಹೂಡುತ್ತಾರಲ್ಲ!

ಮೂರನೇ ದಿನದ ಕೆಲಸ ನಮ್ಮ ಕರಾವಳಿಯದ್ದೇ. ಮಳೆಗಾಲದಲ್ಲಿ ಹದಿನೈದು ದಿನ ಬಾಗಿಲು ಹಾಕಿದ ರೂಮು ಹೇಗಿರುತ್ತದೆ ಗೊತ್ತಲ್ಲ. ಬೆಲ್ಟು, ಬ್ಯಾಗು, ಶೂ ಎಲ್ಲದರ ಮೇಲೂ ಬಿಳಿ ಬೂಷ್ಟು. ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕೆ. ಹೊಸಬರು ಮಾಡುವ ಮೊದಲ ತಪ್ಪು, ಒಣ ಬ್ರಷ್ಷಿನಲ್ಲಿ ಗಸಗಸ ಉಜ್ಜುವುದು. ಬೂಷ್ಟು ಗಾಳಿಗೆ ಹಾರಿ ಗಾದಿಯ ಮೇಲೆ ಕೂರುತ್ತದೆ, ನಿಮ್ಮ ಮೂಗಿಗೂ ಹೋಗುತ್ತದೆ. ಮೊದಲು ಮೂಗಿಗೆ ಬಟ್ಟೆ ಕಟ್ಟಿ, ಕಿಟಕಿ ತೆಗೆಯಿರಿ. ಫ್ಯಾನ್ ಹಾಕಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ನೀರು ಬೆರೆಸಿದ ಬ್ಲೀಚ್ ಹಚ್ಚಿ ಹತ್ತು ನಿಮಿಷ ಬಿಡಿ. ಒರೆಸಿ ತೆಗೆದು ಗೋಡೆ ಒಣಗಲು ಬಿಡಿ, ಫ್ಯಾನ್ ಆಗ. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿಟ್ಟು ಬನ್ನಿ.

ಇದಕ್ಕೆಲ್ಲ ಮೊದಲು ಒಂದು ಮೂಲೆಯಲ್ಲಿ ಒದ್ದೆ ಬೆರಳು ಉಜ್ಜಿ ನೋಡಿ. ಬಾಡಿಗೆ ರೂಮಿಗೆ ಹೊಡೆದಿರುವುದು ಅಗ್ಗದ ಡಿಸ್ಟೆಂಪರ್. ಬೆರಳಿಗೆ ಬಣ್ಣ ಅಂಟಿತು ಅಂದರೆ ಬಟ್ಟೆ ಹಾಕಿದ ಕೂಡಲೇ ಗೋಡೆಯೇ ಬಟ್ಟೆಗೆ ಬರುತ್ತದೆ. ಆಮೇಲೆ ಮಾಲೀಕರ ಹತ್ತಿರ ಬೈಸಿಕೊಳ್ಳುವವರು ನೀವು. ಸೋರುವ ಗೋಡೆಯ ಬೂಷ್ಟು ಒಂದೇ ವಾರದಲ್ಲಿ ಮತ್ತೆ ಬರುತ್ತದೆ. "ಇದು ಕ್ಲೀನಿಂಗ್‌ನಿಂದ ಹೋಗುವುದಲ್ಲ, ಮಾಲೀಕರಿಗೆ ಹೇಳಿ" ಅಂತ ಮೊದಲೇ ಹೇಳಿಬಿಡಿ. ಒಂದು ಕೆಲಸ ಕೈಬಿಟ್ಟರೂ ಹೆಸರು ಉಳಿಯುತ್ತದೆ.

ಬ್ಲೀಚ್ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಜೊತೆಗೆ ಬಂದಿದ್ದ ಹೊಸ ಹುಡುಗಿಗೆ ಏನೂ ಹೇಳಿಕೊಡದೆ ಬಾತ್‌ರೂಮಿಗೆ ಕಳಿಸಿದೆ. ಬ್ಲೀಚ್ ಹಾಕಿದ ನೆಲದ ಮೇಲೇ ಅವಳು ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದಳು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ ಹೊರಗೆ ಓಡಿಬಂದಳು. ಅವಳು ಗಟ್ಟಿ, ಅರ್ಧ ಗಂಟೆಯಲ್ಲಿ ಸರಿಹೋದಳು. ನನ್ನ ಕೈ ನಡುಕ ಮಾತ್ರ ಸಂಜೆವರೆಗೂ ನಿಲ್ಲಲಿಲ್ಲ. ಅವತ್ತಿನಿಂದ ಗೋಡೆಯ ಸಾಮಾನಿಗೆ ನೀಲಿ ಚೀಲ, ಟಾಯ್ಲೆಟ್ ಸಾಮಾನಿಗೆ ಕೆಂಪು ಚೀಲ. ಒಂದೇ ದಿನ ಎರಡೂ ಚೀಲ ಬಾತ್‌ರೂಮಿನ ಹೊಸ್ತಿಲು ದಾಟುವುದಿಲ್ಲ.

ಖಾಲಿ ಮಾಡುವ ದಿನದ ಕೆಲಸದಲ್ಲಿ ದುಡ್ಡು ಜಾಸ್ತಿ, ಜಗಳವೂ ಜಾಸ್ತಿ. ಮಾಲೀಕರು ಎಲ್ಲಿ ನೋಡುತ್ತಾರೆ ಅನ್ನುವುದು ಈಗ ನಮಗೆ ಬಾಯಿಪಾಠ. ಫ್ಯಾನಿನ ರೆಕ್ಕೆ, ಸ್ವಿಚ್ ಬೋರ್ಡಿನ ಸುತ್ತ, ಒಲೆ ಇಟ್ಟಿದ್ದ ಜಾಗದ ಎಣ್ಣೆ ಕಲೆ. ಮತ್ತೆ ಕಬ್ಬಿಣದ ಮಂಚದ ಕಾಲು. ನಮ್ಮ ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಟೈಲ್ಸ್ ಮೇಲೆ ದುಂಡಗೆ ಕೆಂಪು ಗುರುತು ಬಿಡುತ್ತದೆ. ಅದಕ್ಕೆ ಬಿಂಬುಳಿ ಕಾಯಿ ಜಜ್ಜಿ ಉಪ್ಪು ಹಾಕಿ ಉಜ್ಜುತ್ತೇವೆ. ಅದರ ಹುಳಿ ತುಕ್ಕನ್ನು ಬಿಡಿಸುತ್ತದೆ, ಹಿತ್ತಲಲ್ಲಿ ಪುಕ್ಕಟೆ ಸಿಗುತ್ತದೆ. ಇದು ಟೈಲ್ಸಿಗೆ ಮಾತ್ರ. ಮೊಸಾಯಿಕ್ ನೆಲಕ್ಕೆ, ಹಳೇ ಮನೆಯ ಕೆಂಪು ನೆಲಕ್ಕೆ ಹುಳಿ ತಾಗಿಸಿದರೆ ಹೊಳಪು ಹೋಗುತ್ತದೆ.

ರೇಟು ಹೇಳುತ್ತೇನೆ. ಒಂದು ರೂಮಿಗೆ ಇಬ್ಬರು ಒಂದೂವರೆ ಗಂಟೆ. ಒಬ್ಬರಿಗೆ ಗಂಟೆಗೆ 80 ರೂಪಾಯಿಯಂತೆ 240. ಹೋಗಿಬರುವ ಹೊತ್ತಿನದ್ದು 80, ಸಾಮಾನಿಗೆ 30. ಒಟ್ಟು 350 ಆಯಿತು. ನಾವು 420 ತಗೊಳ್ಳುತ್ತೇವೆ. 400 ಯಾಕಲ್ಲ ಅಂದರೆ, ಹುಡುಗರು ಯಾವಾಗಲೂ ಹಂಚಿಕೊಂಡು ಕೊಡುವವರು. ಇಬ್ಬರಿದ್ದರೆ 210, ಮೂವರಿದ್ದರೆ 140. ಲೆಕ್ಕ ಸರಾಗವಾದರೆ ಫೋನ್‌ಪೇ ಕೂಡ ಬೇಗ ಬರುತ್ತದೆ! ಖಾಲಿ ಮಾಡುವ ಕೆಲಸಕ್ಕೆ 900, ಅದರಲ್ಲಿ ಅರ್ಧ ಮುಂಗಡ. ಸಾಮಾನು ಗಾಡಿಗೆ ಹೇರಿದ ಹುಡುಗ ಮತ್ತೆ ಸಿಗುವುದಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಂಗಸರಿಗೆ ಬಸ್ ಚಾರ್ಜಿಲ್ಲ. ಕಾಳಿ ಸೇತುವೆ ದಾಟಿ ಮಾಜಾಳಿಯ ಎಂಜಿನಿಯರಿಂಗ್ ಕಾಲೇಜಿನ ಕಡೆಗೂ ಬಕೆಟ್ ಹಿಡಿದು ಹೋಗಿಬರುತ್ತೇವೆ. ಟಿಕೆಟ್ ಪುಕ್ಕಟೆ ಅಂತ ಕೂಲಿ ಲೆಕ್ಕ ಬಿಡಬೇಡಿ. ಬಸ್ಸಿಗೆ ಕಾಯುವುದೂ ಕೆಲಸವೇ ಅಲ್ವಾ?

ಫೋನಿನಲ್ಲೇ ರೇಟು ಒಪ್ಪಿಕೊಳ್ಳಬೇಡಿ. "ಒಂದೇ ರೂಮು ಅಕ್ಕಾ" ಅಂದಿದ್ದನ್ನು ನಂಬಿ ಹೋದರೆ, ನಾಲ್ಕು ಜನ, ಒಂದು ಅಡುಗೆಮನೆ, ಪರೀಕ್ಷೆ ಮುಗಿಸಿದ ಮಾರನೇ ದಿನ. ಸಂಜೆ ಆರಕ್ಕೆ ಮುಗಿಯಿತು. ಈಗ ವಾಟ್ಸಾಪ್ ವಿಡಿಯೊ ಕಾಲ್ ಮಾಡಿಸಿ ಬಾತ್‌ರೂಮು ಮತ್ತು ಮಂಚದ ಅಡಿ ತೋರಿಸು ಅನ್ನುತ್ತೇವೆ.

ಮಂಚದ ಅಡಿ ಅಂದಾಗ ನೆನಪಾಯಿತು. ಮೆಡಿಕಲ್ ಕಾಲೇಜಿನ ಮೊದಲ ವರ್ಷದ ಹುಡುಗನ ರೂಮು. ನಮ್ಮ ತಂಡದ ಹಿರಿಯಕ್ಕ ಮಂಚದಡಿಯ ಪೆಟ್ಟಿಗೆ ಧೂಳು ಹೊಡೆಯಲು ಮುಚ್ಚಳ ತೆಗೆದರು. ಒಳಗೆ ಬುರುಡೆ! ಪಕ್ಕದಲ್ಲಿ ಕೈಕಾಲಿನ ಮೂಳೆ. "ಅಯ್ಯಯ್ಯೋ, ನಡಿಯೇ ಮಾರಾಯ್ತಿ ಇಲ್ಲಿಂದ" ಅಂತ ಪೊರಕೆ ಎಸೆದು ಅಂಗಳಕ್ಕೆ ಓಡಿದರು. ಅದು ಓದಲಿಕ್ಕೆ ಇಟ್ಟುಕೊಳ್ಳುವ ಬೋನ್ ಸೆಟ್ ಅಂತ ಹುಡುಗ ಎಷ್ಟು ಹೇಳಿದರೂ ಮತ್ತೆ ಒಳಗೆ ಕಾಲಿಡಲಿಲ್ಲ. ಬಾಕಿ ಕೆಲಸ ನಾನೇ ಮಾಡಿದೆ. ಮುಚ್ಚಿದ ಪೆಟ್ಟಿಗೆ ತೆಗೆಯುವುದಿಲ್ಲ, ಬರೆದ ಹಾಳೆ ಎಷ್ಟೇ ಮುದ್ದೆಯಾಗಿದ್ದರೂ ಬಿಸಾಡುವುದಿಲ್ಲ ಅನ್ನುವ ನಿಯಮ ಆಗಲೇ ಬಂದದ್ದು. ಹುಡುಗರ ರೂಮಿಗೆ ಒಬ್ಬರೇ ಹೋಗುವುದೂ ಇಲ್ಲ. ಇಬ್ಬರು, ಬಾಗಿಲು ತೆರೆದೇ ಇರಬೇಕು, ರೂಮಿನವರೊಬ್ಬರು ಅಲ್ಲೇ ಇರಬೇಕು.

ಕಾಗದಪತ್ರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಆಧಾರ್, ಪ್ಯಾನ್ ಇದ್ದರೆ ಆಗುತ್ತದೆ, ಸರ್ಕಾರಕ್ಕೆ ಒಂದು ರೂಪಾಯಿ ಕೊಡಬೇಕಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ಚಿಂತೆಯೂ ಇಲ್ಲ. ಅಲ್ಲಿಯವರೆಗೆ ಎಷ್ಟು ರೂಮು ಒರೆಸಬೇಕು ಅಂತ ನೀವೇ ಲೆಕ್ಕ ಹಾಕಿ.

ಸಾಮಾನು ಕೊಳ್ಳುವಾಗ ಎರಡು ಬಕೆಟ್, ಮಾಪ್, ಉದ್ದ ಕೋಲಿನ ಪೊರಕೆ, ಕೈಗವಸು, ಹಳೇ ಕಾಟನ್ ಬಟ್ಟೆ ಸಾಕು. ಫ್ಯಾನ್ ರೆಕ್ಕೆಗೆ ಹಳೇ ದಿಂಬಿನ ಚೀಲ ತೊಡಿಸಿ ಎಳೆದರೆ ಧೂಳು ಅದರೊಳಗೇ ಬೀಳುತ್ತದೆ. ವ್ಯಾಕ್ಯೂಮ್ ಕ್ಲೀನರ್‌ಗೆ ಸಾಲ ಮಾಡಬೇಡಿ. ನಾನು ತಗೊಂಡಿದ್ದೇನೆ, ಅಟ್ಟದ ಮೇಲಿದೆ. ಹೋದ ಮಳೆಗಾಲ ಇಳಿಸಿ ನೋಡಿದರೆ ಅದರ ಪೈಪಿಗೇ ಬೂಷ್ಟು ಬಂದಿತ್ತು.