ಬಸವನಹುಳುವಿನ ಕೇಸಿಗೆ ಫೀಸು ಕೊಟ್ಟವರು ಯಾರು?

ಲಾ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆಲ್ಲ ಈ ಕಥೆ ಗೊತ್ತು. ಒಬ್ಬ ಹೆಂಗಸು, ಒಂದು ಬಾಟಲಿ, ಅದರೊಳಗೆ ಕೊಳೆತ ಬಸವನಹುಳು. ಡೊನೊಹ್ಯೂ ವರ್ಸಸ್ ಸ್ಟೀವನ್‌ಸನ್ ಕೇಸು. ತೀರ್ಪು ಬರೆದ ಲಾರ್ಡ್ ಆಟ್ಕಿನ್ ಹೆಸರು ಪರೀಕ್ಷೆಗೂ ಬರುತ್ತದೆ. ಕೇಸು ಹಾಕಿದ ವಕೀಲರು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅವರು ವಾಲ್ಟರ್ ಲೀಚ್‌ಮನ್. ಸ್ಕಾಟ್ಲೆಂಡಿನ ಗ್ಲಾಸ್ಗೋದವರು. ಅಲ್ಲಿನ ನಗರಸಭೆಯ ಸದಸ್ಯರೂ ಆಗಿದ್ದರು.

1928ರ ಆಗಸ್ಟ್ 26, ಭಾನುವಾರ ಸಂಜೆ. ಮೇ ಡೊನೊಹ್ಯೂ ಗ್ಲಾಸ್ಗೋದಿಂದ ಟ್ರಾಮ್ ಹಿಡಿದು ಪಕ್ಕದ ಪೇಸ್ಲಿ ಊರಿಗೆ ಹೋದರು. ಅಲ್ಲಿ ವೆಲ್‌ಮೆಡೋ ಕೆಫೆ. ಜೊತೆಗಿದ್ದ ಗೆಳತಿ ಇವರಿಗೆ ಐಸ್‌ಕ್ರೀಮ್ ಮತ್ತು ಜಿಂಜರ್ ಬಿಯರ್ ಕೊಡಿಸಿದರು. ಹೆಸರಲ್ಲಿ ಬಿಯರ್ ಇದ್ದರೂ ಅದು ನಮ್ಮ ಶುಂಠಿ ಸೋಡಾದ ಜಾತಿಯದ್ದೇ. ಬಾಟಲಿ ಕಂದು ಬಣ್ಣದ್ದು, ಒಳಗೇನಿದೆ ಅಂತ ಕಾಣುವುದಿಲ್ಲ. ಅರ್ಧ ಕುಡಿದಾಗಿತ್ತು. ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳು ತೇಲಿಕೊಂಡು ಬಂತು ಅನ್ನುವುದು ಡೊನೊಹ್ಯೂ ಅವರ ದೂರು. ಹೊಟ್ಟೆ ಕೆಟ್ಟಿತು. ಮೂರು ದಿನ ಬಿಟ್ಟು ಡಾಕ್ಟರ ಹತ್ತಿರ ಹೋದರು. ಸೆಪ್ಟೆಂಬರಿನಲ್ಲಿ ಆಸ್ಪತ್ರೆಗೂ ಸೇರಬೇಕಾಯಿತು.

ಕೇಸು ಹಾಕುವುದು ಯಾರ ಮೇಲೆ? ಅಂಗಡಿಯವನ ಮೇಲೆ ಹಾಕೋಣ ಅಂದರೆ ದುಡ್ಡು ಕೊಟ್ಟವಳು ಗೆಳತಿ. ವ್ಯವಹಾರ ಇದ್ದದ್ದು ಅವಳ ಜೊತೆ, ಹೊಟ್ಟೆ ಕೆಟ್ಟದ್ದು ಇವರದ್ದು. ತಯಾರಿಸಿದ ಡೇವಿಡ್ ಸ್ಟೀವನ್‌ಸನ್‌ಗಂತೂ ಇವರು ಯಾರು ಅಂತಲೇ ಗೊತ್ತಿಲ್ಲ. ಅಂದಿನ ಕಾನೂನಿನ ಪ್ರಕಾರ, ಕೆಲವು ಅಪವಾದ ಬಿಟ್ಟರೆ, ಒಪ್ಪಂದ ಇಲ್ಲದವರಿಗೆ ತಯಾರಕ ಉತ್ತರ ಕೊಡಬೇಕಾಗಿರಲಿಲ್ಲ.

ಇದು ಲೀಚ್‌ಮನ್‌ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಆಗಷ್ಟೇ ಅಂಥದ್ದೇ ಒಂದು ಕೇಸು ಸೋತಿದ್ದರು. ಅದೂ ಜಿಂಜರ್ ಬಿಯರ್ ಬಾಟಲಿಯೇ, ಒಳಗೆ ಇದ್ದದ್ದು ಮಾತ್ರ ಸತ್ತ ಇಲಿ. ಕುಡಿದವರು ಮಕ್ಕಳು. 1929ರ ಮಾರ್ಚಿನಲ್ಲಿ ಎಡಿನ್‌ಬರೋದ ಮೇಲಿನ ಕೋರ್ಟು 'ತಯಾರಕರ ಹೊಣೆ ಇಲ್ಲ' ಅಂದುಬಿಟ್ಟಿತು. ಮೂರು ವಾರವೂ ಆಗಿರಲಿಲ್ಲ. ಏಪ್ರಿಲ್ 9ಕ್ಕೆ ಲೀಚ್‌ಮನ್ ತಯಾರಕ ಸ್ಟೀವನ್‌ಸನ್ ಮೇಲೆ ಬಸವನಹುಳುವಿನ ದಾವೆ ಹೂಡಿದರು. 500 ಪೌಂಡ್ ಪರಿಹಾರ ಕೇಳಿದರು.

ಯಾರಾದರೂ ಹೀಗೆ ಮಾಡುತ್ತಾರಾ? ಕಕ್ಷಿದಾರಳು ಅಂಗಡಿಯಲ್ಲಿ ಸಂಬಳಕ್ಕೆ ದುಡಿಯುವ ಬಡವಿ. ಕಾನೂನು ವಿರುದ್ಧವಾಗಿದೆ. ಮುಂದೆ ಕೂರುವುದೂ ಅದೇ ಜಡ್ಜುಗಳು. ಇದನ್ನು ಬರೀ ಒಳ್ಳೆಯತನ ಅಂತ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಇಲಿ ಕೇಸಿನಲ್ಲಿ ನಾಲ್ವರು ಜಡ್ಜುಗಳ ಪೈಕಿ ಲಾರ್ಡ್ ಹಂಟರ್ ಒಬ್ಬರು ಇವರ ಪರ ಬರೆದಿದ್ದರು. ಒಂದು ಬಾಗಿಲು ಸಣ್ಣಗೆ ತೆರೆದಿದೆ ಅಂತ ಅನುಭವಿ ವಕೀಲರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ. ಹಟವೂ ಇತ್ತು, ಲೆಕ್ಕಾಚಾರವೂ ಇತ್ತು. ಇನ್ನೊಂದು ಅನುಕೂಲ ಅಂದರೆ, 'ಗೆದ್ದರೆ ಫೀಸು, ಸೋತರೆ ಇಲ್ಲ' ಅಂತ ಕೇಸು ಹಿಡಿಯಲು ಸ್ಕಾಟ್ಲೆಂಡಿನಲ್ಲಿ ಅಡ್ಡಿ ಇರಲಿಲ್ಲ. ಗೆದ್ದ ಹಣದಲ್ಲಿ ಪಾಲು ಕೇಳುವ ಹಾಗಿರಲಿಲ್ಲ, ಅಷ್ಟೇ.

ಮೊದಲ ಜಡ್ಜು ಲಾರ್ಡ್ ಮಾಂಕ್ರೀಫ್ 1930ರ ಜೂನಿನಲ್ಲಿ ಡೊನೊಹ್ಯೂ ಪರ ಹೇಳಿದರು. ನವೆಂಬರಿನಲ್ಲಿ ಮೇಲಿನ ಕೋರ್ಟು ಅದನ್ನು ತಿರುಗಿಸಿತು. ಅದೇ ನಾಲ್ವರು, ಮತ್ತೆ ಮೂರಕ್ಕೆ ಒಂದು. ಇಷ್ಟರಲ್ಲಿ ಕೆಫೆಯವನನ್ನೂ ದಾವೆಗೆ ಸೇರಿಸಿ, ಆಮೇಲೆ ಕೈಬಿಟ್ಟು, ಅದರ ಖರ್ಚನ್ನೂ ತಲೆ ಮೇಲೆ ಹಾಕಿಕೊಂಡಾಗಿತ್ತು.

ಉಳಿದದ್ದು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್, ಆಗಿನ ಕೊನೆಯ ಕೋರ್ಟು. ಅಲ್ಲಿ ಸೋತರೆ ಎದುರು ಪಕ್ಷದ ಖರ್ಚು ಕಟ್ಟಬೇಕು. ಡೊನೊಹ್ಯೂ 'ಬಡವಿ' ಅಂತ ಅರ್ಜಿ ಹಾಕಿಕೊಂಡರು. 5 ಪೌಂಡ್ ಬಾಳುವಷ್ಟು ಆಸ್ತಿಯೂ ಈ ಲೋಕದಲ್ಲಿ ತನಗಿಲ್ಲ ಅಂತ ಪ್ರಮಾಣ ಮಾಡಿದರು. ಚರ್ಚಿನ ಪಾದ್ರಿ ಮತ್ತು ಇಬ್ಬರು ಹಿರಿಯರು ಅದಕ್ಕೆ ಸಹಿ ಹಾಕಿದರು. ನಮ್ಮಲ್ಲಿ ತಹಶೀಲ್ದಾರರಿಂದ ಆದಾಯ ಪ್ರಮಾಣಪತ್ರ ತರುತ್ತೀವಲ್ಲ, ಹೆಚ್ಚುಕಮ್ಮಿ ಅದೇ. ವಾದ ಮಾಡಿದ ಜಾರ್ಜ್ ಮಾರ್ಟನ್ ಮತ್ತು ಮಿಲಿಗನ್ ಫೀಸು ತಗೊಳ್ಳಲಿಲ್ಲ.

1932ರ ಮೇ 26ಕ್ಕೆ ತೀರ್ಪು ಬಂತು. ಮೂರಕ್ಕೆ ಎರಡು, ಈ ಸಲ ಡೊನೊಹ್ಯೂ ಪರ. ನನ್ನ ಅಜಾಗರೂಕತೆಯಿಂದ ಯಾರಿಗೆ ಪೆಟ್ಟಾಗಬಹುದು ಅಂತ ನಾನು ಊಹಿಸಬಹುದೋ ಅವರೇ ನನ್ನ ನೆರೆಯವರು, ಅವರ ಬಗ್ಗೆ ಎಚ್ಚರ ವಹಿಸುವುದು ನನ್ನ ಹೊಣೆ ಅಂದರು ಆಟ್ಕಿನ್. ತಮಾಷೆ ಏನು ಗೊತ್ತಾ? ಬಾಟಲಿಯಲ್ಲಿ ಬಸವನಹುಳು ಇತ್ತಾ ಇಲ್ಲವಾ ಅಂತ ಯಾವ ಕೋರ್ಟಿನಲ್ಲೂ ವಿಚಾರಣೆ ಆಗಲೇ ಇಲ್ಲ. ಅಷ್ಟರಲ್ಲಿ ಸ್ಟೀವನ್‌ಸನ್ ತೀರಿಕೊಂಡರು, ಕೇಸು ರಾಜಿಯಾಯಿತು.

ಆ ತೀರ್ಪು ನಮ್ಮ ಕೋರ್ಟುಗಳಿಗೂ ಬಂತು. ಆದರೆ ಬಡವರಿಗೆ ಸಿವಿಲ್ ದಾವೆ ಕೈಗೆಟುಕುವ ವಸ್ತುವಲ್ಲ. ಕೇಳುವ ಪರಿಹಾರ ಜಾಸ್ತಿ ಆದ ಹಾಗೆ ಕೋರ್ಟ್ ಫೀಯೂ ಏರುತ್ತದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಾಗ ದಾರಿ ಸ್ವಲ್ಪ ಸಲೀಸಾಯಿತು. ವಕೀಲರಿಲ್ಲದೆ ತಾನೇ ನಿಂತು ವಾದ ಮಾಡಬಹುದು. ಖರೀದಿಸಿದವರ ಒಪ್ಪಿಗೆಯಿಂದ ಬಳಸಿದವರೂ ಗ್ರಾಹಕರೇ ಅಂತ ಅದರಲ್ಲಿ ಬರೆದಿತ್ತು. ಗೆಳತಿ ಕೊಡಿಸಿದ ಸೋಡಾ ಕುಡಿದವಳಿಗೆ ಇಲ್ಲಿ ಆ ಹಳೇ ತೊಡಕೇ ಇಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ವಿ.ಪಿ. ಶಾಂತಾ ಪ್ರಕರಣದಲ್ಲಿ ಡಾಕ್ಟರುಗಳನ್ನೂ ಈ ಕಾಯ್ದೆಯೊಳಗೆ ತಂದಿತು. 2020ರ ಜುಲೈನಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಂತೂ ತಯಾರಕರ ಹೊಣೆಗೇ ಒಂದು ಅಧ್ಯಾಯ ಇದೆ.

ಆದರೆ ಕೆಟ್ಟ ಮಿಕ್ಸಿ, ಹರಿದ ಸೀರೆಯ ಕೇಸುಗಳಿಂದ ವಕೀಲರ ಮನೆ ನಡೆಯುತ್ತದಾ? ತಾಲ್ಲೂಕು ಕೋರ್ಟಿನ ವಕೀಲರ ಮೇಜು ನೋಡಿ. ಜಾಸ್ತಿ ಇರುವುದು ಎಂವಿಸಿ ಫೈಲುಗಳು, ಅಂದರೆ ಆಕ್ಸಿಡೆಂಟ್ ಕೇಸು. ಎಫ್‌ಐಆರ್, ಗಾಯದ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮ್ಮರಿ, ಔಷಧಿ ಬಿಲ್ಲು, ಎಲ್ಲಾ ಒಂದೇ ದಾರದಲ್ಲಿ ಕಟ್ಟಿರುತ್ತಾರೆ.

ಈ ಕೆಲಸದ ನಿಜವಾದ ಕಸುಬು ಇರುವುದು ಶೇಕಡಾವಾರಿನಲ್ಲಿ. ಒಬ್ಬನ ಎಡಗೈ ಹೋಯಿತು ಅನ್ನಿ. ಡಾಕ್ಟರು 60% ಅಂಗವೈಕಲ್ಯ ಅಂತ ಬರೆದರು. ಅವನು ಡ್ರೈವರೋ ಬಡಗಿಯೋ ಆಗಿದ್ದರೆ ಸಂಪಾದನೆಯ ನಷ್ಟ 100% ಆಗಬಹುದು. ಸರ್ಕಾರಿ ಗುಮಾಸ್ತ ಆಗಿದ್ದರೆ ಸಂಬಳವೇ ನಿಲ್ಲದೆ ಇರಬಹುದು. ರಾಜ್‌ಕುಮಾರ್ ವರ್ಸಸ್ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಕೊಟ್ಟ ಉದಾಹರಣೆ ಇದು. ಆ ವ್ಯತ್ಯಾಸವನ್ನು ಸಾಕ್ಷಿ ಸಮೇತ ತೋರಿಸುವವರು ವಕೀಲರು. ಸಂಬಳದ ಚೀಟಿಯನ್ನೇ ನೋಡದ ಗಾರೆ ಕೆಲಸದವನ ದಿನಗೂಲಿ ಎಷ್ಟಿತ್ತು ಅಂತ ಸಾಬೀತು ಮಾಡುವುದು ಸುಮ್ನೆ ಮಾತಲ್ಲ.

ಫೀಸಿನ ವಿಷಯಕ್ಕೆ ಬಂದರೆ ನಮ್ಮಲ್ಲಿ ಎಲ್ಲರೂ ಕೆಮ್ಮುತ್ತಾರೆ. ಕೇಸಿನ ಫಲಿತಾಂಶದ ಮೇಲೆ ಫೀಸು ನಿಗದಿ ಮಾಡಬಾರದು, ಬಂದ ಪರಿಹಾರದಲ್ಲಿ ಪಾಲು ಕೇಳಬಾರದು ಅಂತ ವಕೀಲರನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್‌ನ ನಿಯಮ ಇದೆ. ಆದರೆ ಕಾಲು ಮುರಿದು ಮನೆಯಲ್ಲಿ ಬಿದ್ದವನು ಮುಂಗಡ ಎಲ್ಲಿಂದ ತರುತ್ತಾನೆ? ಹಾಗಾಗಿ ಪರ್ಸೆಂಟೇಜ್ ಮಾತು ಬಾಯಲ್ಲೇ ಆಗುತ್ತದೆ, ಕಾಗದದ ಮೇಲೆ ಬರುವುದಿಲ್ಲ. ಕಾಗದದಲ್ಲಿ ಇಲ್ಲದ್ದಕ್ಕೆ ಮಿತಿಯೂ ಇರುವುದಿಲ್ಲ. ನನ್ನನ್ನು ಕೇಳಿದರೆ, ಲೀಚ್‌ಮನ್‌ಗೆ ಇದ್ದ ಸ್ಕಾಟ್ಲೆಂಡಿನ ಪದ್ಧತಿಯೇ ವಾಸಿ. ಗೆದ್ದರೆ ಮಾಮೂಲು ಫೀಸು, ಪಾಲು ಇಲ್ಲ.

ಈ ಜಗಳ ಸುಪ್ರೀಂ ಕೋರ್ಟಿಗೂ ಹೋಗಿ ಬಂತು. ದೆಹಲಿಯ ಡಿ.ಕೆ. ಗಾಂಧಿ ಅನ್ನುವವರು 20,000 ರೂಪಾಯಿಯ ಚೆಕ್ ಬೌನ್ಸ್ ಕೇಸಿಗೆ ವಕೀಲರನ್ನು ಇಟ್ಟುಕೊಂಡಿದ್ದರು. ಹಣ ವಕೀಲರ ಕೈಗೆ ಬಂತು, ತಮ್ಮ ಕೈಗೆ ಬರಲಿಲ್ಲ ಅಂತ ಗಾಂಧಿ ದೂರು. ನನ್ನ ಫೀಸು 5,000 ಬಾಕಿ ಇದೆ ಅಂತ ವಕೀಲರು. ವಕೀಲರ ಸೇವೆಯೂ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2007ರಲ್ಲಿ ಹೇಳಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಈಗ ಸೋಡಾ ಕಂಪನಿಯನ್ನೂ ಡಾಕ್ಟರನ್ನೂ ಗ್ರಾಹಕ ಆಯೋಗಕ್ಕೆ ಎಳೆಯಬಹುದು. ಎಳೆದು ತಂದ ವಕೀಲರಿಂದಲೇ ಪರಿಹಾರ ಬೇಕಿದ್ದರೆ ಮಾತ್ರ ಸಿವಿಲ್ ಕೋರ್ಟಿಗೇ ಹೋಗಬೇಕು. ಅದಕ್ಕೆ ಇನ್ನೊಬ್ಬ ವಕೀಲರನ್ನು ಹುಡುಕಬೇಕು. ಫೀಸು ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.